ಅಣ್ಣನ ಹುಟ್ಟುಹಬ್ಬದ ರಕ್ತ ಜುಲೈ 13ಕ್ಕೆ ಎಕ್ಸ್‌ಪೈರಿ

ನಮ್ಮ ತುಮಕೂರು ಕಡೆ ಐವತ್ತು ದಾಟಿದ ಲೀಡರ್‌ಗಳ ಹುಟ್ಟಿದ ದಿನ ಒಂದ್ಸಲ ವಿಚಾರಿಸಿ ನೋಡಿ. ಒಬ್ಬರಾದ್ಮೇಲೆ ಒಬ್ಬರು ಜೂನ್ 1 ಅಂತಾರೆ. ಇದೇನು ಗ್ರಹಗತಿ ಅಲ್ಲ ಕಣ್ರೀ. ಒಂದನೇ ಕ್ಲಾಸಿಗೆ ಸೇರಿಸೋಕೆ ಬಂದ ಅಪ್ಪ "ರಾಗಿ ಕೊಯ್ಲಲ್ಲಿ ಹುಟ್ಟಿದ್ದು ಸಾ" ಅಂದ, ಅಡ್ಮಿಷನ್ ರಿಜಿಸ್ಟರಲ್ಲಿ ರಾಗಿ ಕೊಯ್ಲಿಗೆ ಕಾಲಂ ಇರ್ಲಿಲ್ಲ, ಹೆಡ್ ಮೇಷ್ಟ್ರು ವಯಸ್ಸು ಸರಿಹೋಗೋ ಹಂಗೆ ಜೂನ್ 1 ಅಂತ ಬರೆದು ಮುಂದಿನ ಹುಡುಗನ್ನ ಕರೆದ್ರು. ಅವನಿಗೂ ಜೂನ್ 1. ಐವತ್ತು ವರ್ಷ ಆದ್ಮೇಲೆ ಊರಿನ ಬ್ಲಡ್ ಸ್ಟಾಕೆಲ್ಲ ತನ್ನ ಶಾಯಿ ಪೆನ್ನಿನ ಮೇಲೆ ನಿಂತಿರುತ್ತೆ ಅಂತ ಪಾಪ ಆ ಮೇಷ್ಟ್ರಿಗೇನು ಗೊತ್ತು.

ಯಾಕಂದ್ರೆ ಈಗ ಹುಟ್ಟುಹಬ್ಬ ಅಂದ್ರೆ ಬರೀ ಕೇಕು, ಪಟಾಕಿ, ಸೇಬಿನ ಹಾರ ಸಾಲಲ್ಲ, ರಕ್ತದಾನ ಶಿಬಿರ ಆಗ್ಲೇಬೇಕು. ಬಟವಾಡಿಯಿಂದ ಕ್ಯಾತ್ಸಂದ್ರದವರೆಗೂ ಫ್ಲೆಕ್ಸು, ಅದರಲ್ಲಿ ಅಣ್ಣ ಆಳೆತ್ತರ, ಸುತ್ತ ಶುಭಕೋರುವವರ ಮುಖ ಪಾಸ್‌ಪೋರ್ಟ್ ಸೈಜಲ್ಲಿ, ಕೆಳಗಡೆ ಮೂಲೇಲಿ ಒಂದು ತೊಟ್ಟು ರಕ್ತದ ಚಿತ್ರ. ನಮ್ಮ ಏರಿಯಾ ಅಣ್ಣಂದೂ ಜೂನ್ 1, ಪಕ್ಕದ ವಾರ್ಡಿನ ಎದುರು ಪಾರ್ಟಿಯವರದ್ದೂ ಜೂನ್ 1, ಇಬ್ಬರೂ ಒಂದೇ ಸ್ಕೂಲು. ಹಾಗಾಗಿ ಒಂದೇ ದಿನ ಎರಡು ಶಾಮಿಯಾನ, ಎರಡು ಮೈಕು, ಮಧ್ಯೆ ಹಂಡ್ರೆಡ್ ಫೀಟೂ ಗ್ಯಾಪಿಲ್ಲ. ಅವರಲ್ಲಿ ಗೋಡೆ ಗಡಿಯಾರ, ನಮ್ಮಲ್ಲಿ ಹೆಲ್ಮೆಟ್ಟು, ಜನ ಯಾವುದು ಬೇಕೋ ಆ ಕಡೆ ಮಲಗಿದ್ರು. ನನಗೆ ಹೆಲ್ಮೆಟ್ ಬೇಕಿತ್ತು.

ದುಡ್ಡಿಗೆ ರಕ್ತ ಮಾರೋ ಹಂಗಿಲ್ಲ ಅಂತ ಸುಪ್ರೀಂ ಕೋರ್ಟು 1996ರಲ್ಲೇ ಆರ್ಡರ್ ಮಾಡಿ, 1998 ಜನವರಿ 1ರಿಂದ ಆ ದಂಧೆ ದೇಶದಲ್ಲೇ ಬಂದ್ ಆಯ್ತು, ಒಳ್ಳೇದೇ ಆಯ್ತು. ಹೆಲ್ಮೆಟ್ ಹಂಗಾದ್ರೆ ಏನು ಅಂತ ನಾನೇ ಒಬ್ಬ ಕಾರ್ಯಕರ್ತನ್ನ ಕೇಳ್ದೆ. "ಅದು ದುಡ್ಡಲ್ಲ ಅಣ್ಣ, ನೆನಪಿನ ಕಾಣಿಕೆ" ಅಂದ. ಕಾಣಿಕೆ ಮೇಲೆ ಐಎಸ್ಐ ಮಾರ್ಕ್ ಇರ್ಲಿಲ್ಲ, ಅಣ್ಣನ ಸ್ಟಿಕ್ಕರ್ ಇತ್ತು.

ಅಣ್ಣನೂ ರಕ್ತ ಕೊಟ್ರಾ ಅಂತೀರಾ? ಮಂಚದ ಮೇಲೆ ಮಲಗಿದ್ದಂತೂ ನಿಜ. ಕೈಗೊಂದು ಸ್ಪಂಜ್ ಬಾಲ್ ಕೊಟ್ರು, ನಾಲ್ಕೂ ಕಡೆಯಿಂದ ಫೋಟೋ ಆಯ್ತು, ಎದ್ದುಬಿಟ್ರು. ರೂಲ್ಸ್ ಪ್ರಕಾರ ರಕ್ತ ಕೊಡೋಕೆ 18ರಿಂದ 65 ವಯಸ್ಸಿರಬೇಕು, 45 ಕೆಜಿ ತೂಕ, ಹಿಮೋಗ್ಲೋಬಿನ್ 12.5 ಇರಬೇಕು. ತೂಕದ್ದೇನೂ ತೊಂದರೆ ಇಲ್ಲ ಬಿಡಿ, ವಯಸ್ಸಿಂದೇ ಗೊಂದಲ. ಮೇಷ್ಟ್ರು ಬರೆದ ಪ್ರಕಾರ 64, ಅವರಮ್ಮನ ಪ್ರಕಾರ 67. ಎಲೆಕ್ಷನ್ನಿಗೆ ಮೇಷ್ಟ್ರ ಲೆಕ್ಕ, ಸೂಜಿ ಬಂದಾಗ ಅಮ್ಮನ ಲೆಕ್ಕ.

ಈಗ ಅಸಲಿ ಲೆಕ್ಕಕ್ಕೆ ಬರ್ತೀನಿ. ಕಾನೂನಲ್ಲಿ ಮನುಷ್ಯನ ರಕ್ತ ಅಂದ್ರೆ ಔಷಧಿ, 1940ರ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಆಕ್ಟ್ ಕೆಳಗೆ ಬರುತ್ತೆ, ಪ್ಯಾರಾಸಿಟಮಾಲ್ ಥರಾನೇ ಲೈಸೆನ್ಸು, ಬ್ಯಾಚು, ಎಕ್ಸ್‌ಪೈರಿ ಡೇಟು ಎಲ್ಲ ಇರುತ್ತೆ. ಬ್ಯಾಗಿಗೆ ಬಿದ್ದ ಮೇಲೆ ಅದನ್ನ ಎಷ್ಟು ಡಿಗ್ರೀಲಿ ಇಡಬೇಕು, ಎಚ್ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾ ಹೆಂಗೆ ಟೆಸ್ಟ್ ಮಾಡಬೇಕು, ಎಲ್ಲಾದಕ್ಕೂ ರೂಲ್ ಇದೆ, ಇರ್ಲೇಬೇಕು, ನಾನು ನಗ್ತಿರೋದು ಅದಕ್ಕಲ್ಲ. ಇಷ್ಟೆಲ್ಲ ರೂಲ್ ಮಾಡಿದವರು ರಕ್ತ ಯಾವತ್ತು ತೆಗೀಬೇಕು ಅನ್ನೋದನ್ನ ಮಾತ್ರ ಫ್ಲೆಕ್ಸ್ ಪ್ರಿಂಟ್ ಮಾಡೋನ ಕೈಗೆ ಬಿಟ್ಟಿದ್ದಾರಲ್ಲ, ಅದಕ್ಕೆ.

ಕೆಂಪು ರಕ್ತಕಣ ಫ್ರಿಜ್ಜಲ್ಲಿ ಭಾರೀ ಅಂದ್ರೆ 42 ದಿನ ಇರುತ್ತೆ. ಪ್ಲೇಟ್ಲೆಟ್ಸ್ 5 ದಿನ. ಒಂದ್ಸಲ ಕೊಟ್ಟ ಗಂಡಸು ಮತ್ತೆ ಕೊಡಬೇಕಂದ್ರೆ 90 ದಿನ ಕಾಯಬೇಕು, ಹೆಂಗಸಾದ್ರೆ 120. ಈಗ ನೀವೇ ಬೆರಳೆಣಿಸಿ. ಜೂನ್ 1ಕ್ಕೆ ಊರ ಹುಡುಗರೆಲ್ಲ ಒಟ್ಟಿಗೆ ಕೊಟ್ರು. ಜೂನ್ 6ಕ್ಕೆ ಪ್ಲೇಟ್ಲೆಟ್ಸ್ ಖತಂ. ಜುಲೈ 13ಕ್ಕೆ ಕೆಂಪು ರಕ್ತಕಣಾನೂ ಖತಂ. ಕೊಟ್ಟವರು ಮತ್ತೆ ಲಾಯಕ್ ಆಗೋದು ಆಗಸ್ಟ್ 30ಕ್ಕೆ. ಮಧ್ಯೆ 48 ದಿನ ಫ್ರಿಜ್ಜಲ್ಲಿರೋ ಅಣ್ಣನ ರಕ್ತ ಹಳಸಿರುತ್ತೆ, ಮೈಯಲ್ಲಿರೋ ರಕ್ತ ಮುಟ್ಟಂಗಿಲ್ಲ. ಆ 48 ದಿನ ಯಾವುದು ಹೇಳಿ? ಮಳೆ ಬಿದ್ದು, ತೆಂಗಿನ ಚಿಪ್ಪಲ್ಲಿ, ಟೈರಲ್ಲಿ ನೀರು ನಿಂತು ಡೆಂಗ್ಯೂ ಶುರುವಾಗೋ ಟೈಮು. ಸೊಳ್ಳೆಗೆ ಜಯಂತಿ ಇಲ್ಲ, ಅದರ ಫ್ಲೆಕ್ಸ್ ಯಾರೂ ಹಾಕಲ್ಲ, ಅದು ತನ್ನ ಪಾಡಿಗೆ ತಾನು ಬರುತ್ತೆ.

ಹಾಗಾಗಿ ನಂದೊಂದು ಸಲಹೆ, ಸರ್ಕಾರ ಒಂದು ಜನ್ಮದಿನ ನಿಯಂತ್ರಣ ಪ್ರಾಧಿಕಾರ ಮಾಡ್ಲಿ. ನಮ್ಮ ಜಿಲ್ಲೇಲಿ 10 ತಾಲ್ಲೂಕಿದೆ, ವರ್ಷಕ್ಕೆ 12 ತಿಂಗಳು. ಪಾವಗಡದ ಲೀಡರ್‌ಗಳೆಲ್ಲ ಜನವರೀಲಿ ಹುಟ್ಟಿದಂಗೆ ಗೆಜೆಟ್ ಮಾಡಿ, ಶಿರಾ ಫೆಬ್ರವರಿ, ಮಧುಗಿರಿ ಮಾರ್ಚ್, ಹಿಂಗೇ ಕುಣಿಗಲ್, ತಿಪಟೂರು ಅಂತ ಹಂಚ್ಕೊಂಡು ಬನ್ನಿ, ಮಿಕ್ಕ ಎರಡು ತಿಂಗಳು ಎಂಎಲ್ಸಿಗಳಿಗೆ. ಜುಲೈ, ಆಗಸ್ಟಲ್ಲಿ ಹುಟ್ಟೋಕೆ ಒಪ್ಪಿದವರಿಗೆ ನಿಗಮ ಮಂಡಳೀಲಿ ಆದ್ಯತೆ ಕೊಡಿ. ಹುಟ್ಟಿದ ದಿನ ಒಂದ್ಸಲ ಮೇಷ್ಟ್ರು ಬದಲಾಯಿಸಿದ್ದಾಗಿದೆ, ಇನ್ನೊಂದ್ಸಲ ಡಿಸಿ ಬದಲಾಯಿಸಿದ್ರೆ ಏನು ಮಹಾ.

ಅದೇ ಶಾಮಿಯಾನದಲ್ಲಿ ಇನ್ನೊಂದು ಟೇಬಲ್ಲೂ ಇತ್ತು, ಅಂಗಾಂಗ ದಾನದ್ದು. ಆಧಾರ್ ನಂಬರ್ ಹಾಕಿ, ಓಟಿಪಿ ಹೇಳಿ, ಪ್ರತಿಜ್ಞೆ ಆಯ್ತು, ಸರ್ಟಿಫಿಕೇಟ್ ಡೌನ್‌ಲೋಡು, ಸ್ಟೇಟಸ್ಸು. ಹುಡುಗರು ಕಣ್ಣು, ಕಿಡ್ನಿ, ಲಿವರ್, ಹೃದಯ ಎಲ್ಲಾ ಟಿಕ್ ಮಾಡಿದ್ರು, ಬಿರಿಯಾನಿ ಆರ್ಡರ್ ಮಾಡ್ದಂಗೆ. ಮನೇಲಿ ಹೇಳಿದ್ದೀರೇನ್ರಪ್ಪ ಅಂದೆ, ಯಾರೂ ಹೇಳಿಲ್ಲ. ಮೆದುಳು ನಿಷ್ಕ್ರಿಯ ಆಗಿದೆ ಅಂತ ಡಾಕ್ಟ್ರುಗಳು ಆರು ಗಂಟೆ ಬಿಟ್ಟು ಎರಡೆರಡು ಸಲ ಟೆಸ್ಟ್ ಮಾಡಿ ಸೈನ್ ಹಾಕ್ತಾರಲ್ಲ, ಅವತ್ತು ಐಸಿಯು ಬಾಗಿಲಲ್ಲಿ ಕೇಳೋದು ನಿಮ್ಮ ಸ್ಟೇಟಸ್ ಅಲ್ಲ, ನಿಮ್ಮ ಹೆಂಡ್ತಿ, ಅಪ್ಪ-ಅಮ್ಮನ ಒಪ್ಪಿಗೆ. 2006ರಲ್ಲಿ ಅಣ್ಣಾವ್ರ ಕಣ್ಣು, 2021ರಲ್ಲಿ ಅಪ್ಪು ಕಣ್ಣು ಇನ್ನೊಬ್ಬರಿಗೆ ಬೆಳಕಾಗಿದ್ದು ಆ ದುಃಖದಲ್ಲೂ ಮನೆಯವರು ಹೂಂ ಅಂದಿದ್ದಕ್ಕೆ. ಕಣ್ಣು ತೆಗೆಯೋಕೆ ಆರು ಗಂಟೆ ಟೈಮಿರೋದು, ಅಷ್ಟರಲ್ಲಿ ನಮ್ಮಲ್ಲಿ ಸೋದರಮಾವ ಬಸ್ಸು ಹತ್ತಿರಲ್ಲ. ಒಬ್ಬ ಹುಡುಗ ಮಾತ್ರ ಧೈರ್ಯ ಮಾಡಿ ಅಲ್ಲಿಂದಲೇ ಅಮ್ಮನಿಗೆ ಫೋನ್ ಹಚ್ಚಿದ. "ಬಿಡ್ತು ಅನ್ನೋ, ಹಬ್ಬದ ದಿನ ಏನ್ ಮಾತಾಡ್ತೀಯ" ಅಂತ ಆಕೆ ಬೈದಿದ್ದು ಮೈಕಲ್ಲೇ ಕೇಳಿಸ್ತು.

ಇರ್ಲಿ, ನನ್ನ ಕಥೆ ಹೇಳ್ತೀನಿ. ಜುಲೈ 18ಕ್ಕೆ ನಮ್ಮ ಚಿಕ್ಕಪ್ಪ ಗುಬ್ಬಿ ರೋಡಲ್ಲಿ ಸ್ಕೂಟರಿಂದ ಬಿದ್ದು ಸೊಂಟ ಮುರ್ಕೊಂಡ್ರು. ಆಪರೇಷನ್ನಿಗೆ ಎರಡು ಬಾಟ್ಲಿ ರಕ್ತ ಬೇಕು ಅಂದ್ರು. ಬಾಟ್ಲಿ ಹೋಗಿ ಬ್ಯಾಗ್ ಬಂದು ಎಷ್ಟೋ ವರ್ಷ ಆಯ್ತು, ನಮ್ಮ ಬಾಯಲ್ಲಿ ಇನ್ನೂ ಬಾಟ್ಲೀನೆ. ಬ್ಲಡ್ ಬ್ಯಾಂಕಿಗೆ ಹೋದ್ರೆ "ಎರಡು ಕೊಡ್ತೀವಿ, ಬದಲಿಗೆ ಇಬ್ಬರು ಡೋನರ್ ಕರ್ಕೊಂಡು ಬನ್ನಿ" ಅಂದ್ರು. ಈ ಬದಲಿ ಪದ್ಧತಿ ನಿಲ್ಲಿಸಬೇಕು ಅಂತ ನ್ಯಾಷನಲ್ ಬ್ಲಡ್ ಪಾಲಿಸೀಲಿ 2002ರಲ್ಲೇ ಬರ್ಕೊಂಡಿದ್ದಾರೆ, ಅದು ಈ ಕೌಂಟರಿಗೆ ಇನ್ನೂ ತಲುಪಿರ್ಲಿಲ್ಲ ಕಾಣುತ್ತೆ.

ನಾನೇ ತೋಳು ಮಡಚಿ ನಿಂತೆ. ಸಿಸ್ಟರ್ ಕೇಳಿದ್ರು, "ಹಿಂದೆ ಯಾವಾಗ ಕೊಟ್ಟಿದ್ರಿ?"

"ಜೂನ್ 1, ಮೇಡಂ."

"ಇನ್ನೂ 43 ದಿನ ಇದೆ, ಆಮೇಲೆ ಬನ್ನಿ."

43 ದಿನ ಚಿಕ್ಕಪ್ಪನ ಸೊಂಟ ಕಾಯುತ್ತಾ? ಅಣ್ಣನ ಯುವಸೇನೆ ವಾಟ್ಸಾಪ್ ಗ್ರೂಪಿಗೆ ಅರ್ಜೆಂಟ್ ಅಂತ ಹಾಕ್ದೆ. ಇನ್ನೂರು ಚಿಲ್ಲರೆ ಹುಡುಗರು, ಅರ್ಧ ಗಂಟೇಲಿ ಇಪ್ಪತ್ತು ರಿಪ್ಲೈ, ಎಲ್ಲಾ ಒಂದೇ, "ನಾನೂ ಅವತ್ತೇ ಕೊಟ್ಟಿದ್ದೀನಿ ಬ್ರೋ." ಮಾನ ಬಿಟ್ಟು ಎದುರು ಪಾರ್ಟಿ ಹುಡುಗನಿಗೂ ಫೋನ್ ಮಾಡ್ದೆ. ಅವನು ಗಡಿಯಾರ ತಗೊಂಡಿದ್ನಂತೆ, ಅದೇ ಜೂನ್ 1. ಅಣ್ಣನಿಗೂ ಫೋನ್ ಹೋಯ್ತು, ಪಿಎ ಎತ್ತಿ "ಚಿಕ್ಕಪ್ಪ ಬೇಗ ಹುಷಾರಾಗ್ಲಿ ಅಂತ ಸಾಹೇಬ್ರು ಹಾರೈಸಿದ್ದಾರೆ" ಅಂದ, ಒಂದು ಸೆಕೆಂಡೂ ಸಾಹೇಬ್ರನ್ನ ಕೇಳದೆ.

ಒಂದು ಯೂನಿಟ್ಟಿಗೆ ಚಿಕ್ಕಪ್ಪನ ಅಳಿಯ ಬೆಂಗ್ಳೂರಿಂದ ಬಂದ್ರು. ಇನ್ನೊಂದಕ್ಕೆ ಸಿಕ್ಕಿದ್ದು ಯಾರು ಅಂತೀರಾ, ಶಾಮಿಯಾನದ ಹುಡುಗ. ಎರಡೂ ಶಿಬಿರಕ್ಕೆ ಕಂಬ ನೆಟ್ಟು, ಚೇರ್ ಹಾಕಿ, ರಾತ್ರಿ ಎಲ್ಲಾ ಬಿಚ್ಚಿದೋನು ಅವನೇ. "ಅವತ್ತು ಕೊಡ್ಬೇಕು ಅಂತಿದ್ದೆ ಅಣ್ಣ, ಚೇರ್ ಎಣಿಸೋದ್ರಲ್ಲೇ ಟೈಮ್ ಆಗೋಯ್ತು" ಅಂದ. ಒಳಗೆ ಹೋದ, ಹತ್ತು ನಿಮಿಷಕ್ಕೆ ಹತ್ತಿ ಒತ್ಕೊಂಡು ಬಂದ, ಬಿಸ್ಕೆಟ್ ತಿಂದ, ಟೀ ಕುಡ್ದ. ಫೋಟೋ ತೆಗೀಲೇನೋ ಅಂದ್ರೆ ಬೇಡ ಅಂದ.

ಹೊರಡೋವಾಗ ನನ್ನ ಬೈಕ್ ಕಡೆ ನೋಡಿ, "ಅಣ್ಣ, ಆ ಹೆಲ್ಮೆಟ್ ಇನ್ನೊಂದು ಉಳಿದಿದ್ಯಾ? ಕ್ಯಾತ್ಸಂದ್ರದ ಹತ್ರ ಪೊಲೀಸ್ನೋರು ಹಿಡೀತಾವ್ರೆ" ಅಂದ.

ಉಳಿದಿರ್ಲಿಲ್ಲ, ನಂದನ್ನೇ ಬಿಚ್ಚಿ ಕೊಟ್ಟೆ. ರಕ್ತಕ್ಕೆ ಬದಲಾಗಿ ಏನೂ ಕೊಡಂಗಿಲ್ಲ ಅಂತ ಗೊತ್ತು, ಇದು ನೆನಪಿನ ಕಾಣಿಕೆ. ಅವನು ತಗೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, ಅಲ್ಲೇ ನಿಂತ್ಕೊಂಡು ಅಣ್ಣನ ಸ್ಟಿಕ್ಕರ್‌ನ ಉಗುರಲ್ಲಿ ಕೆರೀತಾ ಇದ್ದ.