ಒದ್ದೆ ಟವೆಲ್ ಹಾಸಿಗೆಯ ಮೇಲೇಕೆ?

ಹೋಟೆಲಿನ ಕೋಣೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅತಿಥಿಗಳನ್ನು ಕೋಣೆಗೆ ಕರೆದೊಯ್ದಾಗಲೇ ಹೇಳುತ್ತೇನೆ: ‘ಒದ್ದೆ ಟವೆಲನ್ನು ದಯವಿಟ್ಟು ಹಾಸಿಗೆಯ ಮೇಲೆ ಹಾಕಬೇಡಿ, ಬಚ್ಚಲಿನಲ್ಲಿ ಕಂಬಿ ಇದೆ.’ ಎಲ್ಲರೂ ತಲೆಯಾಡಿಸುತ್ತಾರೆ. ಮರುದಿನ ಬಾಗಿಲು ತೆರೆದರೆ ಟವೆಲ್ ಹಾಸಿಗೆಯ ನಟ್ಟನಡುವೆ ಮುದ್ದೆಯಾಗಿ ಬಿದ್ದಿರುತ್ತದೆ. ಮೇಲಿನ ಹೊದಿಕೆಯನ್ನು ಒಗೆಯಬಹುದು. ಒಳಗೆ ಇಳಿದ ತೇವವನ್ನು ಏನು ಮಾಡಲಿ? ಇಡೀ ಹಾಸಿಗೆಯನ್ನು ಯಂತ್ರಕ್ಕೆ ಹಾಕಲಾಗುವುದಿಲ್ಲ. ಸರಿಯಾಗಿ ಆರದಿದ್ದರೆ ಮುಗ್ಗಲು ವಾಸನೆ, ಆಮೇಲೆ ಬೂಷ್ಟು.

ಅದಕ್ಕಿಂತ ಹೊಟ್ಟೆ ಉರಿಸುವವರು ಬಿಳಿ ಟವೆಲಿನಲ್ಲಿ ಬೂಟು ಒರೆಸುವವರು. ತಲೆಗೆ ಹಚ್ಚಿದ ಬಣ್ಣವನ್ನು ಒರೆಸುವವರೂ ಇದ್ದಾರೆ. ಬಿಳಿ ಬಟ್ಟೆಯನ್ನು ಬಿಸಿನೀರು, ಬ್ಲೀಚ್ ಹಾಕಿ ಒಗೆಯಬಹುದು, ನಿಜ. ಆದರೆ ಆ ಬಣ್ಣ ನೂಲಿನೊಳಗೇ ಕಚ್ಚಿಕೊಂಡುಬಿಡುತ್ತದೆ. ಒಂದು ಮಾತು ಕೇಳಿದ್ದರೆ ಹಳೆಯ ಬಟ್ಟೆಯನ್ನು ನಾನೇ ಸಂತೋಷದಿಂದ ತಂದುಕೊಡುತ್ತಿದ್ದೆ!

ಇನ್ನು ಎ.ಸಿ.ಯನ್ನು 16 ಡಿಗ್ರಿಗೆ ಇಟ್ಟು ಕಿಟಕಿ ತೆರೆದಿಡುವವರು. ಹೊರಗಿನ ತೇವದ ಗಾಳಿ ತಣ್ಣಗಾದ ಗೋಡೆ, ಕನ್ನಡಿಗಳ ಮೇಲೆ ನೀರಾಗಿ ಇಳಿಯುತ್ತದೆ. ‘ಎ.ಸಿ. ಸೋರುತ್ತಿದೆ’ ಎಂದು ದೂರು ಬರುತ್ತದೆ, ಬೈಗುಳ ನನಗೆ.

ಏನಾದರೂ ಚೆಲ್ಲಿದರೆ ಕೂಡಲೇ ಕರೆಯಿರಿ ಎಂದೂ ಹೇಳುತ್ತೇನೆ. ಹಸಿ ಕಲೆಯನ್ನು ತೆಗೆಯುವುದು ಐದು ನಿಮಿಷದ ಕೆಲಸ, ಅದಕ್ಕೆ ಯಾರನ್ನೂ ಗದರುವುದಿಲ್ಲ. ಆದರೂ ಕರೆಯುವುದಿಲ್ಲ. ಕಲೆಯ ಮೇಲೆ ಕುರ್ಚಿ ಎಳೆದಿಟ್ಟು ಹೊರಟುಹೋಗುತ್ತಾರೆ. ಒಣಗಿ ಗಟ್ಟಿಯಾದ ಆ ಕಲೆಯನ್ನು ನಾನು ಮಂಡಿಯೂರಿ ಉಜ್ಜುತ್ತಿರುವಾಗ ಮುಂದಿನ ಅತಿಥಿ ಬಾಗಿಲಲ್ಲಿ ನಿಂತಿರುತ್ತಾರೆ.