ದಾರೀಲಿದೀನಿ!

ಮಗಳ ಟೀಚರನ್ನು ಕಾಣಲು ಹೋಗುವ ಹಿಂದಿನ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಐದು ವರ್ಷದ ಮಗಳು ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದಳು. ಪರೀಕ್ಷೆ ಯಾರದ್ದು ಅಂತ ಅಲ್ಲಿಗೇ ಗೊತ್ತಾಯಿತು.

ಡೈರಿಯಲ್ಲಿದ್ದದ್ದು ಒಂದೇ ಸಾಲು: 'ಶನಿವಾರ 10.20ಕ್ಕೆ ಇಬ್ಬರೂ ಬರುವುದು.' ಆ 'ಇಬ್ಬರೂ' ಕೆಳಗೆ ಗೆರೆ ಎಳೆದಿದ್ದರು. ಒಮ್ಮೆ ನೋಡಿದರೆ ಮಾಮೂಲಿ ಗೆರೆ, ಇನ್ನೊಮ್ಮೆ ನೋಡಿದರೆ ಸಿಟ್ಟಲ್ಲಿ ಎಳೆದ ಹಾಗಿತ್ತು. ಊಟದ ಹೊತ್ತಿಗೆ ಮೆಲ್ಲಗೆ ವಿಚಾರಣೆ ಶುರುಮಾಡಿದ್ದೆ.

"ಕ್ಲಾಸಲ್ಲಿ ಏನಾದ್ರೂ ಆಯ್ತಾ ಪುಟ್ಟಿ?"

"ಏನಿಲ್ಲ."

"ಯಾರಿಗಾದ್ರೂ ಹೊಡೆದ್ಯಾ?"

"ಯಾವತ್ತು?"

ಅಲ್ಲಿಗೆ ವಿಚಾರಣೆ ನಿಲ್ಲಿಸಿದೆ. ಹೆಚ್ಚು ತಿಳಿದಷ್ಟೂ ಅಪಾಯ.

ಇನ್ನು ಉಳಿದ ಅನುಮಾನ 3 ಎಂಬ ಅಂಕಿಯ ಮೇಲೆ. ಅದನ್ನವಳು ಎಡಬಲ ತಿರುಗಿಸಿ ಬರೆಯುತ್ತಾಳೆ. ಐದಾರು ವರ್ಷದ ಮಕ್ಕಳು ಅಂಕಿ, ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ಬರೆಯುವುದು ಸಹಜ, ಏಳರ ಹೊತ್ತಿಗೆ ಹೆಚ್ಚಿನವರಿಗೆ ತಾನಾಗಿ ಸರಿಹೋಗುತ್ತದೆ ಎಂದೆಲ್ಲ ಓದಿ, ವಕೀಲನ ಹಾಗೆ ವಾದ ಸಿದ್ಧಮಾಡಿಕೊಂಡೆ.

ಬೆಳಿಗ್ಗೆ ಹೆಂಡತಿ ಕೆಲಸದಿಂದ ನೇರ ಶಾಲೆಗೆ ಹೋಗಿ ಫೋನ್ ಮಾಡಿದಳು. "ರೀ, ಎಲ್ಲಿದೀರಾ?"

ಒಂದು ಕಾಲಿಗೆ ಕಾಲುಚೀಲ ಏರಿತ್ತು. ಅದರ ಜೋಡಿ ಸಿಕ್ಕಿರಲಿಲ್ಲ. "ದಾರೀಲಿದೀನಿ!" ಎಂದೆ. ಮಂಚದ ಮೇಲಿದ್ದ ಮಗಳು ನನ್ನನ್ನೇ ಗಮನವಿಟ್ಟು ನೋಡುತ್ತಿದ್ದಳು. ಕಲಿಯುವ ಆಸಕ್ತಿ ಇರುವ ಮಕ್ಕಳು ಹಾಗೆ ನೋಡುತ್ತವೆ. ನನಗೆ ಆಗ ಹೊಳೆಯಲಿಲ್ಲ.

ಕೈಗೆ ಸಿಕ್ಕಿದ ಇನ್ನೊಂದು ಕಾಲುಚೀಲ ತೊಟ್ಟು ಓಡಿದೆ. ಪ್ಯಾಂಟಿನ ಕೆಳಗೆ ಯಾರು ನೋಡುತ್ತಾರೆ? ಆದರೆ ನಮ್ಮನ್ನು ಕೂರಿಸಿದ್ದು ಮಕ್ಕಳ ಕುರ್ಚಿಯಲ್ಲಿ. ಕೂತೊಡನೆ ಮೊಣಕಾಲು ಎದೆಗೆ ಬಂತು, ಪ್ಯಾಂಟು ಮೇಲೇರಿತು. ಒಂದು ಕಪ್ಪು, ಒಂದು ನೀಲಿ. ಎರಡೂ ಟೀಚರ್ ಎದುರಿಗೇ.

"3 ತಿರುಗುತ್ತೆ. ಈ ವಯಸ್ಸಲ್ಲಿ ಅದೇನೂ ಚಿಂತೆ ಇಲ್ಲ," ಎಂದರು ಟೀಚರ್. ನನ್ನ ಇಡೀ ವಾದ ಗಂಟಲಲ್ಲೇ ಉಳಿಯಿತು. "ಇಬ್ಬರ ಎದುರೇ ಕೇಳಬೇಕಾದ್ದು ಬೇರೆ ಇತ್ತು. ಮನೆ ಆಟದಲ್ಲಿ ಯಾವಾಗಲೂ ಅವಳೇ ಅಪ್ಪ. ಚಾಪೆ ಮೇಲೆ ಮಲಗಿ, ಡಸ್ಟರ್ ಕಿವಿಗಿಟ್ಕೊಂಡು 'ದಾರೀಲಿದೀನಿ, ದಾರೀಲಿದೀನಿ' ಅಂತಾಳೆ. ಈಗ ಇಡೀ ಕ್ಲಾಸು ಕಲಿತುಬಿಟ್ಟಿದೆ. 'ಎಲ್ಲರೂ ಸಾಲಾಗಿ ಬನ್ನಿ' ಅಂದ್ರೆ 30 ಮಕ್ಕಳೂ ಕೂತಲ್ಲಿಂದಲೇ 'ದಾರೀಲಿದೀನಿ ಮಿಸ್' ಅಂತ ಕೂಗ್ತಾರೆ. ಒಬ್ಬರೂ ಏಳಲ್ಲ. ಇದು ಎಲ್ಲಿಂದ ಬಂತು ಅಂತ ಗೊತ್ತಾಗ್ಲಿಲ್ಲ."

ನಾನು ಗೋಡೆಯ ಮೇಲಿನ ಆನೆ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಹೆಂಡತಿಯ ನೋಟ ನನ್ನ ಕಾಲುಚೀಲಗಳಿಂದ ಹೊರಟು, ನಿಧಾನಕ್ಕೆ ಮುಖಕ್ಕೆ ಬಂದು ನಿಂತಿತು.

"ಮುಂದಿನ ಮೀಟಿಂಗ್ ಇನ್ನು ಮೂರು ತಿಂಗಳಿಗೆ," ಎಂದು ಟೀಚರ್ ಎದ್ದರು.

"ಕೇಳಿಸ್ತಾ?" ಎಂದಳು ಹೆಂಡತಿ. "ನೀವು ಈಗಲೇ ಹೊರಟ್ಬಿಡಿ."