ಹಕ್ಕಿ ಹೋದ ಮೇಲೂ ಕೇಂದ್ರ ತೆರೆದಿರಬೇಕು

ಜೂನ್ ಬಂತೆಂದರೆ ಕೊಕ್ಕರೆ ಬೆಳ್ಳೂರಿನ ಮರಗಳು ಖಾಲಿ. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಎಲ್ಲವೂ ಮರಿ ಕಟ್ಟಿಕೊಂಡು ಹೊರಟಿರುತ್ತವೆ. ಬೆಂಗಳೂರು, ಮೈಸೂರಿನಿಂದ ಬರುವ ಶಾಲೆ ಬಸ್ಸುಗಳೂ ನಿಲ್ಲುತ್ತವೆ. ನಾವು ಕೆಲವರು ಸೇರಿ ನಡೆಸುವ ಪುಟ್ಟ ಕಲಿಕಾ ಕೇಂದ್ರಕ್ಕೆ ದುಡ್ಡು ಬರುವುದೂ ಅಲ್ಲಿಗೇ ನಿಲ್ಲುತ್ತದೆ. "ಸೀಸನ್ ಮುಗೀತಲ್ಲ, ಇನ್ಯಾಕೆ ಖರ್ಚು?" ಅಂತ ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಊರು ನೋಡದವರಿಗೆ ಸ್ವಲ್ಪ ಹೇಳಬೇಕು. ಮದ್ದೂರು ತಾಲ್ಲೂಕು, ಹತ್ತಿರದಲ್ಲೇ ಶಿಂಷಾ ನದಿ. ರಂಗನತಿಟ್ಟಿನಲ್ಲಿ ಹಕ್ಕಿಗಳು ನದಿ ನಡುವಿನ ನಡುಗಡ್ಡೆಗಳಲ್ಲಿರುತ್ತವೆ, ನಾವು ದೋಣಿಯಲ್ಲಿ ಹೋಗಿ ನೋಡಿ ಬರುತ್ತೇವೆ. ಇಲ್ಲಿ ಹಾಗಲ್ಲ. ಮನೆ ಹಿತ್ತಲಿನ ಹುಣಸೆ ಮರ, ಬೀದಿ ಬದಿಯ ಅರಳಿ, ಅಲ್ಲೇ ಗೂಡು, ಅದರ ಕೆಳಗೆ ಎಮ್ಮೆ ಕಟ್ಟಿರುತ್ತಾರೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಇವು ಅಂತ ಊರಿನವರು ಹೇಳುತ್ತಾರೆ. 1976ರಲ್ಲಿ ಅರಣ್ಯ ಇಲಾಖೆಯ ಎಸ್.ಜಿ. ನೇಗಿನಹಾಳ್ ಅವರು ಈ ಊರನ್ನು ಹೊರಗಿನವರಿಗೆ ಪರಿಚಯಿಸಿದರು, 2007ರಲ್ಲಿ ಸಮುದಾಯ ಮೀಸಲು ಅಂತ ಘೋಷಣೆಯಾಯಿತು. ಅದಕ್ಕೆ ಎಷ್ಟೋ ವರ್ಷ ಮೊದಲೇ ಊರು ಹಕ್ಕಿಗಳನ್ನು ಕಾಯುತ್ತಿತ್ತು.

ಸೀಸನ್ನಿನಲ್ಲಿ ನಮ್ಮ ಕೆಲಸ ಏನು ಅಂದರೆ ಮಕ್ಕಳನ್ನು ಒಂದೇ ಮರದ ಕೆಳಗೆ ಕೂರಿಸುವುದು. ಎರಡು ಬಸ್ಸು ಮಕ್ಕಳನ್ನು ತಂದು, ಮುಕ್ಕಾಲು ಗಂಟೆಯಲ್ಲಿ ಊರೆಲ್ಲ ಸುತ್ತಿಸಿ, ಫೋಟೋ ತೆಗೆಸಿ ಕಳಿಸುವ ಕಾರ್ಯಕ್ರಮ ನನಗೆ ಇಷ್ಟವಿಲ್ಲ. ಅದರಿಂದ ಮಕ್ಕಳಿಗೆ ಹೆಸರು ಸಿಗುತ್ತದೆ ಅಷ್ಟೇ. ಒಂದು ಗೂಡನ್ನೇ ಅರ್ಧ ದಿನ ನೋಡಿದ ಮಗು ಬೇರೆಯದೇ ಪ್ರಶ್ನೆ ಕೇಳುತ್ತದೆ. ಅಪ್ಪ ಹಕ್ಕಿ ಯಾವುದು, ಬಿಸಿಲಿಗೆ ರೆಕ್ಕೆ ಯಾಕೆ ಹಾಗೆ ಬಿಡಿಸಿ ನಿಂತಿದೆ, ಮರಿ ಇಷ್ಟು ಕೂಗುತ್ತದೆ, ದೊಡ್ಡ ಕೊಕ್ಕರೆ ಯಾಕೆ ಸುಮ್ಮನಿದೆ ಅಂತ.

ಬಣ್ಣದ ಕೊಕ್ಕರೆ ಕಲಕು ನೀರಿನಲ್ಲಿ ಕೊಕ್ಕು ಅರ್ಧ ತೆರೆದು ಅದ್ದುತ್ತದೆ, ಮೀನು ತಾಗಿದ ತಕ್ಷಣ ಮುಚ್ಚುತ್ತದೆ. ಕಣ್ಣಿಗಿಂತ ಸ್ಪರ್ಶವೇ ಅದಕ್ಕೆ ಜಾಸ್ತಿ ಮುಖ್ಯ. ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳು ಮರೆಯುತ್ತಾರೆ. ಒಂದು ಟಬ್ಬಿನಲ್ಲಿ ಕೆಸರು ನೀರು ತುಂಬಿ, ಒಳಗೆ ಹುಣಸೆ ಬೀಜ, ರಬ್ಬರ್ ತುಂಡು ಹಾಕಿ, ಕಣ್ಣು ಕಟ್ಟಿ, ಎರಡು ಕಡ್ಡಿಯಲ್ಲಿ ಹಿಡಿ ಅಂತ ಕೊಟ್ಟರೆ ಆಮೇಲೆ ಹೇಳಬೇಕಾದ್ದು ಏನೂ ಇರುವುದಿಲ್ಲ. ಈ ಆಟ ಆಡಿಸುವವರು ಊರಿನ ಹುಡುಗ ಹುಡುಗಿಯರೇ. ಅವರಿಗಿಂತ ಒಳ್ಳೆಯ ಮೇಷ್ಟ್ರು ನಮಗೆ ಎಲ್ಲೂ ಸಿಕ್ಕಿಲ್ಲ. ಗೂಡಿನಿಂದ ಬಿದ್ದ ಹೆಜ್ಜಾರ್ಲೆ ಮರಿಯನ್ನು ನಾಯಿ ಬಾಯಿಗೆ ಸಿಗದಂತೆ ಎತ್ತಿ ತಂದು, ಮೀನು ತಿನ್ನಿಸಿ ಸಾಕಿ, ಹಾರುವಂತಾದ ಮೇಲೆ ಬಿಡುವ ಕೆಲಸ ಈ ಊರಿನಲ್ಲಿ ವರ್ಷಗಳಿಂದ ನಡೆದಿದೆ. ಅದನ್ನು ನೋಡಿ ಬೆಳೆದವರು ಇವರು.

ಈಗ ಹೇಳಿ, ಈ ಹುಡುಗರು ಜೂನ್‌ನಿಂದ ಮುಂದಿನ ಸೀಸನ್‌ವರೆಗೆ ಏನು ಮಾಡಬೇಕು? ಗಾರ್ಮೆಂಟ್ಸ್‌ಗೋ ಬೆಂಗಳೂರಿಗೋ ಹೋಗುತ್ತಾರೆ. ಹೋದವರು ಎಲ್ಲರೂ ವಾಪಸ್ ಬರುವುದಿಲ್ಲ. ಪ್ರತಿ ವರ್ಷ ಹೊಸಬರಿಗೆ ಮೊದಲಿನಿಂದ ಕಲಿಸುತ್ತಾ ಕೂತರೆ ಕೇಂದ್ರ ಬೆಳೆಯುವುದು ಯಾವಾಗ?

ಇನ್ನೊಂದು ಮಾತು. ಹಕ್ಕಿಗೆ ಬೇಕಾದ್ದೆಲ್ಲ ಆಗುವುದು ಹಕ್ಕಿ ಇಲ್ಲದ ತಿಂಗಳುಗಳಲ್ಲೇ. ಮಳೆ ಬಿದ್ದಾಗಲೇ ಸಸಿ ನೆಡಬೇಕು. ಹುಣಸೆ, ಅತ್ತಿ, ಅರಳಿ ದೊಡ್ಡದಾಗಲು ಎಷ್ಟು ವರ್ಷ ಬೇಕು ಅಂತ ರೈತರನ್ನು ಕೇಳಿ. ಕೆರೆ ತುಂಬುವುದೂ ಆಗಲೇ, ಕೆರೆಗೆ ಏನು ಹರಿದು ಬರುತ್ತಿದೆ ಅಂತ ನೋಡಬೇಕಾದ್ದೂ ಆಗಲೇ. 2017ರ ಕೊನೆಯಿಂದ 2018ರವರೆಗೆ ಇಲ್ಲಿ ಹೆಜ್ಜಾರ್ಲೆಗಳು ಒಂದಾದ ಮೇಲೊಂದು ಸತ್ತು ಬಿದ್ದವು, ಹೊಟ್ಟೆಯಲ್ಲಿ ಜಂತುಹುಳು ಸಿಕ್ಕಿತು. ಗೂಡು ಊರಿನಲ್ಲಿದ್ದರೂ ಅವುಗಳ ಊಟ ಸುತ್ತಲಿನ ಕೆರೆಗಳಲ್ಲಿದೆ, ಆ ಕೆರೆ ಪಕ್ಕದ ಹಳ್ಳಿಗಳ ಶಾಲೆಗಳೇ ನಮ್ಮ ಮೊದಲ ಶಾಲೆಗಳಾಗಬೇಕು. ಅವರಿಗೆ ಬಸ್ ಬಾಡಿಗೆ ಕೊಡುವ ಶಕ್ತಿ ಇಲ್ಲ, ಅದಕ್ಕೇ ಅವರು ಯಾರ ಲೆಕ್ಕದಲ್ಲೂ ಬರುವುದಿಲ್ಲ. ಇದು ನನಗೆ ತುಂಬಾ ಬೇಸರದ ಸಂಗತಿ.

ಮರದ ಯಜಮಾನರನ್ನಂತೂ ಮರೆಯಲೇಬಾರದು. ಗೂಡು ಕಟ್ಟಿದ ಹುಣಸೆ ಮರದಲ್ಲಿ ಹಣ್ಣು ಬಡಿಯುವ ಹಾಗಿಲ್ಲ, ಹಿಕ್ಕೆ ಬಿದ್ದು ಫಸಲು ಹಾಳು. ಹಿಕ್ಕೆ ಗೊಬ್ಬರವಾಗುತ್ತದೆ ನಿಜ, ಮೊದಲಿನಿಂದಲೂ ಗುಂಡಿ ತೋಡಿ ಹೊಲಕ್ಕೆ ಹಾಕುತ್ತಿದ್ದರು. ಆದರೆ ಹಣ್ಣು ಮಾರಿದ ದುಡ್ಡಿಗೆ ಅದು ಸಮ ಆಗುತ್ತದಾ? ಸರ್ಕಾರ ಕೊಡುವ ಪರಿಹಾರವನ್ನೇ ನೆಚ್ಚಿಕೊಂಡು ಕೂರುವ ಬದಲು, ಬರುವ ಪ್ರತಿ ಶಾಲೆಯ ಶುಲ್ಕದಲ್ಲಿ ಒಂದು ಪಾಲು ಆ ಮನೆಗೆ ಹೋಗಲಿ, ಅದನ್ನು ಮಕ್ಕಳ ಎದುರಿಗೇ ಕೊಡಲಿ ಅಂತ ನಾನು ವಾದ ಮಾಡುತ್ತಲೇ ಬಂದಿದ್ದೇನೆ. ಕೈಯಲ್ಲಿ ದುಡ್ಡು ಬಂದರೆ ಮನೆ ಕಟ್ಟುವಾಗ ಮರ ಉಳಿಸಲು ಅವರಿಗೊಂದು ಕಾರಣ ಸಿಗುತ್ತದೆ.

ಹಾಗಾಗಿ ದುಡ್ಡು ಕೊಡುವವರಲ್ಲಿ, ಶಾಲೆ ನಡೆಸುವವರಲ್ಲಿ ನನ್ನ ಬೇಡಿಕೆ ಇಷ್ಟೇ. ಬೋರ್ಡು, ಬೈನಾಕ್ಯುಲರ್, ಬ್ಯಾನರ್ ಬೇಡ. ಊರಿನ ಇಬ್ಬರಿಗೆ ಹನ್ನೆರಡೂ ತಿಂಗಳು ಸಂಬಳ ಕೊಡಿ. ಜನವರಿಯಲ್ಲಿ ಕರೆತಂದ ಮಕ್ಕಳನ್ನೇ ಜುಲೈನಲ್ಲಿ ಇನ್ನೊಮ್ಮೆ ಕರೆತನ್ನಿ. ಗೂಡಿಲ್ಲದ ಅದೇ ಮರ ನೋಡಲಿ, ಕೆರೆಗೆ ನಡೆದು ಹೋಗಲಿ, ಸಸಿ ನೆಡಲಿ. ನೆಟ್ಟ ಸಸಿಗೆ ಏಪ್ರಿಲ್ ಬಿಸಿಲಿನಲ್ಲಿ ನೀರು ಹೊರುವವರು ಆ ಇಬ್ಬರೇ ಆಗಿರುತ್ತಾರೆ.